ಕನ್ನಗಳವು, ಜ್ಯೂರಿ ಮತ್ತು ಮೇಲ್ಮನವಿ: ಒಂದಿಷ್ಟು ಇತಿಹಾಸ, ಒಂದು ತಪ್ಪೊಪ್ಪಿಗೆ

ಕಳೆದ ತಿಂಗಳು ಹುಲಿಕೆರೆಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಈಗ ಹಾಸನದಲ್ಲಿ ವಕೀಲನಾಗಿದ್ದಾನೆ. ಜೊತೆಯಲ್ಲಿ ಕಾನೂನು ಓದುತ್ತಿರುವ ಅವನ ಮಗಳೂ ಇದ್ದಳು. ಊಟವಾದ ಮೇಲೆ ಇಬ್ಬರನ್ನೂ ನಮ್ಮೂರಿನ ಕಲ್ಯಾಣಿಯ ಬಳಿಗೆ ಕರೆದುಕೊಂಡು ಹೋದೆ. ಹೊಯ್ಸಳರ ಕಾಲದ ಆ ಮೆಟ್ಟಿಲುಗಳ ಮೇಲೆ ಕುಳಿತು ಮಾತನಾಡುತ್ತಿದ್ದಾಗ ಆ ಹುಡುಗಿ ಒಂದು ಪ್ರಶ್ನೆ ಕೇಳಿದಳು.

"ತಾತ, ಮೊದಲು ನಮ್ಮ ದೇಶದಲ್ಲೂ ಜ್ಯೂರಿ ಇತ್ತಲ್ಲ, ಆ ಜ್ಯೂರಿಯವರೇ ತಪ್ಪು ಮಾಡಿಬಿಟ್ಟರೆ ಶಿಕ್ಷೆಯಾದವನು ಎಲ್ಲಿಗೆ ಹೋಗಬೇಕಿತ್ತು?"

ಅವಳ ತಂದೆ ನಕ್ಕು, "ಮೇಷ್ಟ್ರು ಒಂದು ಸಲ ನಮ್ಮನ್ನೇ ಜ್ಯೂರಿ ಮಾಡಿ ಕೂರಿಸಿದ್ದರು ಕಣಮ್ಮ" ಎಂದ. ನನಗೆ ನಗು ಬರಲಿಲ್ಲ. ಅವಳ ಪ್ರಶ್ನೆಗೆ ಅಂದು ಅರ್ಧ ಉತ್ತರ ಕೊಟ್ಟೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಕೈಯಲ್ಲಿ ಓದಿದವರೂ ನಮ್ಮ ಬಂಧುಗಳೂ ಓದುವ ಪುಟವಿದು. ಆದ್ದರಿಂದ ಇತಿಹಾಸದ ಜೊತೆಗೆ ನನ್ನದೊಂದು ತಪ್ಪನ್ನೂ ಹೇಳಿಕೊಳ್ಳಬೇಕಾಗಿದೆ.

ಮೊದಲು 'ಕನ್ನ' ಎಂಬ ಪದ. ಮಣ್ಣಿನ ಗೋಡೆಯ ಮನೆಗಳಿದ್ದ ಕಾಲದಲ್ಲಿ ಕಳ್ಳನು ಬಾಗಿಲಿನ ಗೊಡವೆಗೆ ಹೋಗುತ್ತಿರಲಿಲ್ಲ, ಹಿತ್ತಿಲ ಗೋಡೆಗೆ ತೂತು ಕೊರೆದು ಒಳಗೆ ನುಸುಳುತ್ತಿದ್ದ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆ ಎಂಬೊಬ್ಬರಿದ್ದರು. ಕನ್ನ ಹಾಕುವುದನ್ನೇ ಕಸುಬಾಗಿ ಮಾಡಿಕೊಂಡಿದ್ದವರು ಶರಣರಾದರೆಂದು ಅವರ ಹೆಸರೇ ಹೇಳುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 445ನೆಯ ಕಲಮು ಮನೆಯೊಡೆಯುವುದಕ್ಕೆ ಆರು ಬಗೆಗಳನ್ನು ಪಟ್ಟಿ ಮಾಡಿತು. ಅದರ ಮೊದಲನೆಯ ದೃಷ್ಟಾಂತವೇ ಗೋಡೆಗೆ ತೂತು ಕೊರೆದು ಅದರೊಳಗೆ ಕೈ ತೂರಿಸಿದವನದು, ಅಂದರೆ ನಮ್ಮ ಕನ್ನವೇ. ಕಳ್ಳತನಕ್ಕಾಗಿ ರಾತ್ರಿ ಕಾಲದಲ್ಲಿ ಮನೆಯೊಡೆದವನಿಗೆ 457ನೆಯ ಕಲಮಿನ ಪ್ರಕಾರ 14 ವರ್ಷಗಳವರೆಗೂ ಶಿಕ್ಷೆ ವಿಧಿಸಬಹುದಾಗಿತ್ತು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಪೊಲೀಸ್ ಠಾಣೆಯ ಭಾಷೆಯಲ್ಲಿ ಮಾತ್ರ ಅದು ಇಂದಿಗೂ 'ಕನ್ನಗಳವು' ಆಗಿಯೇ ಉಳಿದಿದೆ.

ಇನ್ನು ನನ್ನ ಜ್ಯೂರಿಯ ಕಥೆ. 1989ನೆಯ ಇಸವಿ. ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯ ಹೆಸರು ಇಲ್ಲಿ ಬೇಡ. ಒಂದು ರಾತ್ರಿ ಕಚೇರಿ ಕೋಣೆಯ ಮಾಡಿನ ಹೆಂಚು ಸರಿಸಿ ಯಾರೋ ಒಳಗಿಳಿದಿದ್ದರು. ಪ್ರವಾಸಕ್ಕೆಂದು ಮಕ್ಕಳಿಂದ ಕೂಡಿಸಿದ್ದ ಹಣ, ಅದನ್ನಿಟ್ಟಿದ್ದ ತಗಡಿನ ಡಬ್ಬಿಯ ಸಮೇತ ಹೋಗಿತ್ತು. ಮರುದಿನ ಮಧ್ಯಾಹ್ನ ಹತ್ತನೆಯ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಆ ಡಬ್ಬಿ ಸಿಕ್ಕಿತು, ಬರಿದಾಗಿತ್ತು. "ಬರುವಾಗ ಬೇಲಿ ಸಂದಿಯಲ್ಲಿ ಬಿದ್ದಿತ್ತು ಸಾರ್" ಎಂದ. ರಾತ್ರಿ ಎಲ್ಲಿದ್ದೆ ಎಂದು ಕೇಳಿದೆ. ತಲೆ ತಗ್ಗಿಸಿ ನಿಂತ, ಬಾಯಿ ಬಿಡಲಿಲ್ಲ. ಅವನು ರಾತ್ರಿ ಮನೆಯಲ್ಲಿರಲಿಲ್ಲ ಎಂಬುದನ್ನು ನೆರೆಮನೆಯ ಹುಡುಗ ಆಗಲೇ ಹೇಳಿದ್ದ.

ಆ ವಾರ ನಾನು ತರಗತಿಯಲ್ಲಿ ಇಂಗ್ಲೆಂಡಿನ ಮ್ಯಾಗ್ನಾ ಕಾರ್ಟಾ, ಜ್ಯೂರಿ ಪದ್ಧತಿಗಳ ಪಾಠ ಮಾಡುತ್ತಿದ್ದೆ. ಹೊಸದಾಗಿ ಬಿ.ಎಡ್. ಮುಗಿಸಿ ಬಂದ ಉತ್ಸಾಹ. ಪೊಲೀಸರವರೆಗೆ ಹೋಗುವುದು ಬೇಡ, ಮಕ್ಕಳೇ ವಿಚಾರಣೆ ನಡೆಸಲಿ, ಪಾಠವೂ ಆದಂತಾಗುತ್ತದೆ ಎಂದುಕೊಂಡೆ. ಏಳು ಮಂದಿಯನ್ನು ಬೆಂಚಿನ ಮೇಲೆ ಕೂರಿಸಿದೆ. ಅವರಿಗೆ ನಾನು ಹೇಳಿದ ಒಂದು ಮಾತು ಚೆನ್ನಾಗಿ ನೆನಪಿದೆ: "ಕದ್ದ ಮಾಲು ಯಾರ ಹತ್ತಿರ ಸಿಗುತ್ತದೋ ಅವನೇ ಕಳ್ಳ ಎಂದು ಕಾನೂನೇ ಹೇಳುತ್ತದೆ." ಆರು ಮಂದಿ ತಪ್ಪಿತಸ್ಥನೆಂದರು. ಒಬ್ಬಳು ಹುಡುಗಿ ಮಾತ್ರ, "ಮಾತಾಡದೆ ಇದ್ದರೆ ಕದ್ದ ಅಂತ ಆಗುತ್ತಾ ಸಾರ್?" ಎಂದು ಕೇಳಿದಳು. ಉತ್ತರ ಕೊಡದೆ ಕೂರಿಸಿದೆ. ಆ ಹುಡುಗ ಮರುದಿನದಿಂದ ಶಾಲೆಗೆ ಬರಲಿಲ್ಲ. ಎರಡು ತಿಂಗಳ ಮೇಲೆ ಪಕ್ಕದ ಊರಿನ ಕಳ್ಳತನವೊಂದರಲ್ಲಿ ಸಿಕ್ಕಿಬಿದ್ದವನು ನಮ್ಮ ಶಾಲೆಗೆ ಇಳಿದವನೂ ತಾನೇ ಎಂದು ಒಪ್ಪಿಕೊಂಡ. ನಾನು ಹುಡುಗನ ಮನೆಗೆ ಓಡಿದೆ. ಬಾಗಿಲಿಗೆ ಬೀಗವಿತ್ತು. ಸಂಸಾರವೆಲ್ಲ ಸಕಲೇಶಪುರದ ಕಡೆಯ ತೋಟಗಳಿಗೆ ಕೂಲಿಗೆ ಹೋಗಿತ್ತು.

ಆರೋಪ ಹೊರಿಸಿದವನು ನಾನೇ, ಜ್ಯೂರಿಯನ್ನು ಆರಿಸಿದವನು ನಾನೇ, ಅವರಿಗೆ ಕಾನೂನು ತಿಳಿಸಿದವನೂ ನಾನೇ. ಆ ಹುಡುಗನಿಗೆ ನಮ್ಮ ತೀರ್ಪಿನ ಮೇಲೆ ಹೋಗಲು ಜಾಗವೇ ಇರಲಿಲ್ಲ. ಹಾಗಾದರೆ ನಿಜವಾದ ನ್ಯಾಯಾಲಯಗಳಲ್ಲಿ ಆ ಜಾಗ ಯಾವಾಗ, ಹೇಗೆ ಹುಟ್ಟಿತು ಎಂಬುದನ್ನು ಅನಂತರದ ವರ್ಷಗಳಲ್ಲಿ ನಾನು ಹುಡುಕಿ ಹುಡುಕಿ ಓದಿದೆ.

ಓದುತ್ತಾ ಹೋದಂತೆ ನನಗೆ ನಾಚಿಕೆಯಾದದ್ದು ನಮ್ಮ ನಾಡಿನದೇ ಒಂದು ಗ್ರಂಥದ ಮುಂದೆ. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಕಲ್ಯಾಣದ ಚಾಲುಕ್ಯರಿಗೆ ಅಧೀನರಾಗಿ ನಮ್ಮ ಹೊಯ್ಸಳರು ಆಳುತ್ತಿದ್ದ ಕಾಲವದು. ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಹಿಂದೂ ದಾಯಭಾಗದ ಚರ್ಚೆಯಲ್ಲಿ ಮಿತಾಕ್ಷರದ ಹೆಸರನ್ನು ಎಲ್ಲರೂ ಕೇಳಿರುತ್ತೀರಿ. ಅದರಲ್ಲಿ ಕಳ್ಳನನ್ನು ಗುರುತಿಸುವ ಬಗೆಯೂ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಕದ್ದ ಮಾಲು, ಹೆಜ್ಜೆಯ ಗುರುತು, ಹಿಂದಿನ ಅಪರಾಧ, ನೆಲೆ ಗೊತ್ತಿಲ್ಲದಿರುವುದು: ಇವುಗಳಿಂದ ಕಳ್ಳನನ್ನು ಹಿಡಿಯಬಹುದೆಂದು ಸ್ಮೃತಿ ಹೇಳುತ್ತದೆ. ಪ್ರಶ್ನಿಸಿದಾಗ ಬಾಯಿ ಒಣಗುವವನನ್ನೂ ಮಾತು ತಡವರಿಸುವವನನ್ನೂ ಸಂಶಯಿಸಬಹುದು ಎನ್ನುತ್ತದೆ. ಇಲ್ಲಿಯವರೆಗೆ ನನ್ನ ತರಗತಿಯ ವಿಚಾರಣೆಯೂ ಸರಿಯೇ. ಆದರೆ ವಿಜ್ಞಾನೇಶ್ವರ ಇಲ್ಲಿಗೇ ನಿಲ್ಲುವುದಿಲ್ಲ. ಇಂಥ ಗುರುತುಗಳಿವೆ ಎಂದ ಮಾತ್ರಕ್ಕೆ ಕಳ್ಳನೆಂದು ನಿಶ್ಚಯಿಸಕೂಡದು, ಕಳ್ಳನಲ್ಲದವನಲ್ಲೂ ಇವು ಇರಬಹುದು ಎಂದು ಎಚ್ಚರಿಸುತ್ತಾನೆ. ನಾರದನ ಮಾತನ್ನು ಆಧಾರವಾಗಿ ತರುತ್ತಾನೆ. ಮಾಲು ಇನ್ನೊಬ್ಬನ ಕೈಯಿಂದ ಜಾರಿ ಬಿದ್ದದ್ದಿರಬಹುದು, ನೆಲದ ಮೇಲೆ ಆಕಸ್ಮಿಕವಾಗಿ ಸಿಕ್ಕಿದ್ದಿರಬಹುದು, ಕಳ್ಳನೇ ಎಸೆದು ಹೋದದ್ದಿರಬಹುದು. ಆದ್ದರಿಂದ ಪ್ರಯತ್ನಪೂರ್ವಕವಾಗಿ ಪರೀಕ್ಷಿಸಬೇಕು ಎಂಬುದು ಅದರ ತಾತ್ಪರ್ಯ. ಬೇಲಿ ಸಂದಿಯ ಡಬ್ಬಿಯ ಬಗ್ಗೆ ಒಂಬತ್ತು ಶತಮಾನಗಳ ಹಿಂದೆಯೇ ಕಲ್ಯಾಣದಲ್ಲಿ ಕುಳಿತು ಒಬ್ಬರು ಬರೆದಿಟ್ಟಿದ್ದರು. ಬಿ.ಎಡ್. ಪಡೆದ ನಾನು ಅದನ್ನು ಓದಿರಲಿಲ್ಲ.

ಧರ್ಮಶಾಸ್ತ್ರಕಾರರು ಈ ಸಂದರ್ಭದಲ್ಲಿ ನೆನೆಯುವ ಹೆಸರು ಮಾಂಡವ್ಯ ಋಷಿಯದು. ಮಹಾಭಾರತದ ಆ ಕಥೆ ನಿಮಗೆ ಗೊತ್ತು. ಕಳ್ಳರು ಮಾಲನ್ನು ಅವನ ಆಶ್ರಮದಲ್ಲಿ ಬಚ್ಚಿಟ್ಟರು. ರಾಜಭಟರು ಬಂದು ಕೇಳಿದಾಗ ಮೌನವ್ರತದಲ್ಲಿದ್ದ ಋಷಿ ಉತ್ತರಿಸಲಿಲ್ಲ. ಮಾಲು ಸಿಕ್ಕಿತು, ಮೌನವೂ ಇತ್ತು, ಶೂಲಕ್ಕೇರಿಸಿದರು. ಕಳ್ಳನಲ್ಲದವನು ವಿಚಾರಣೆಯ ಮೂಲಕವೇ ಕಳ್ಳನಾಗಿಬಿಟ್ಟ ಎಂಬುದು ಸ್ಮೃತಿಕಾರರು ಈ ಕಥೆಯಿಂದ ತೆಗೆದ ನೀತಿ. ರಾತ್ರಿ ಕನ್ನ ಹಾಕಿ ಕದ್ದವನ ಕೈ ಕಡಿದು ಶೂಲಕ್ಕೇರಿಸಬೇಕೆಂದು ಮನು ಹೇಳಿದ್ದನ್ನು ಇದರ ಜೊತೆಗಿಟ್ಟು ನೋಡಿದರೆ, ತೀರ್ಪಿನಲ್ಲಿ ತಪ್ಪಾದರೆ ಅದರ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಆ ತಪ್ಪನ್ನು ತಿದ್ದಲು ದಾರಿಯಿತ್ತೇ? ಇತ್ತು. ಕುಲ, ಶ್ರೇಣಿ, ಪೂಗ, ರಾಜನು ನೇಮಿಸಿದ ಅಧಿಕಾರಿಗಳು ಎಂದು ನ್ಯಾಯ ಹೇಳುವ ಸಭೆಗಳಿಗೆ ಯಾಜ್ಞವಲ್ಕ್ಯನು ಮೆಟ್ಟಿಲುಗಳನ್ನು ಹೇಳಿದ್ದಾನೆ. ಕುಲದವರು ಕೊಟ್ಟ ತೀರ್ಪಿನಿಂದ ತೃಪ್ತನಾಗದವನು ಶ್ರೇಣಿಗೆ, ಅಲ್ಲಿಂದ ಪೂಗಕ್ಕೆ, ಅಲ್ಲಿಂದ ರಾಜನ ಸಭೆಗೆ ಹೋಗಬಹುದೆಂದು ವಿಜ್ಞಾನೇಶ್ವರ ವಿವರಿಸುತ್ತಾನೆ. ಸಭ್ಯರು ಕೆಟ್ಟದಾಗಿ ತೀರ್ಮಾನಿಸಿದ ವ್ಯಾಜ್ಯವನ್ನು ರಾಜನು ಮತ್ತೆ ನೋಡಬೇಕು, ಹಾಗೆ ತೀರ್ಮಾನಿಸಿದ ಸಭ್ಯರಿಗೂ ಅದರಿಂದ ಗೆದ್ದವನಿಗೂ ದಂಡ ಹಾಕಬೇಕು ಎಂದೂ ಇದೆ. ಇದೆಲ್ಲ ಹಳ್ಳಿಹಳ್ಳಿಯಲ್ಲಿ ಹೀಗೆಯೇ ನಡೆಯುತ್ತಿತ್ತೆಂದು ನಾನು ಹೇಳುವುದಿಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ಕಾದ ಕಬ್ಬಿಣ ಹಿಡಿಸುವಂಥ ದಿವ್ಯ ಪರೀಕ್ಷೆಗಳ ಉಲ್ಲೇಖವೂ ಇದೆ. ಆದರೆ ತೀರ್ಪು ಕೊಟ್ಟವರೂ ತಪ್ಪಬಹುದು, ಆ ತಪ್ಪಿಗೆ ಅವರೂ ಉತ್ತರ ಹೇಳಬೇಕು ಎಂಬ ಅರಿವು ನಮ್ಮ ನೆಲದಲ್ಲಿ ಲಿಖಿತವಾಗಿತ್ತು.

ಈಗ ಜ್ಯೂರಿಗೆ ಬರೋಣ. ಜ್ಯೂರಿಯ ತವರಾದ ಇಂಗ್ಲೆಂಡಿನಲ್ಲಿ ಬಹುಕಾಲ ಈ ಅರಿವಿಗೆ ಕಾನೂನಿನಲ್ಲಿ ಸ್ಥಾನವಿರಲಿಲ್ಲ ಎಂದರೆ ನೀವು ನಂಬಲಾರಿರಿ. ಹನ್ನೆರಡು ಮಂದಿ ತಪ್ಪಿತಸ್ಥನೆಂದ ಮೇಲೆ ಮುಗಿಯಿತು. 1848ರಿಂದ ಒಂದು ಕಿಂಡಿ ತೆರೆಯಿತು. ಕಾನೂನಿನ ಸಂದೇಹವಿದ್ದರೆ ನ್ಯಾಯಾಧೀಶನೇ ಅದನ್ನು ಮೇಲಿನವರಿಗೆ ಕಳುಹಿಸಬಹುದಾಗಿತ್ತು. ಅಪರಾಧಿಗೆ ತಾನಾಗಿ ಮೇಲ್ಮನವಿ ಸಲ್ಲಿಸುವ ಹಕ್ಕು ಇರಲಿಲ್ಲ.

ಇದನ್ನು ಬದಲಾಯಿಸಿದ್ದು ಎರಡು ಪ್ರಕರಣಗಳು. ಅಡಾಲ್ಫ್ ಬೆಕ್ ಎಂಬಾತ ಹೆಂಗಸರನ್ನು ವಂಚಿಸಿ ಒಡವೆ ಲಪಟಾಯಿಸಿದನೆಂದು 1896ರಲ್ಲಿ ಜ್ಯೂರಿ ತೀರ್ಮಾನಿಸಿತು. ಏಳು ವರ್ಷ ಶಿಕ್ಷೆಯಾಯಿತು. 1904ರಲ್ಲಿ ಅದೇ ಬಗೆಯ ಆರೋಪದಲ್ಲಿ ಮತ್ತೆ ತಪ್ಪಿತಸ್ಥನೆಂದಾಯಿತು. ಆಗ ನಿಜವಾದ ವಂಚಕ ಸಿಕ್ಕಿಬಿದ್ದ. ಬೆಕ್ ಎರಡೂ ಸಲ ನಿರಪರಾಧಿಯಾಗಿದ್ದ. ಇನ್ನೊಬ್ಬ ಜಾರ್ಜ್ ಎಡಲ್ಜಿ. ಮುಂಬಯಿ ಮೂಲದ ಪಾರ್ಸಿಯಾಗಿದ್ದು ಕ್ರೈಸ್ತ ಪಾದ್ರಿಯಾದ ಶಾಪುರ್ಜಿ ಎಡಲ್ಜಿಯ ಮಗ, ವೃತ್ತಿಯಲ್ಲಿ ವಕೀಲ. ದನಕುದುರೆಗಳನ್ನು ಇರಿದು ಗಾಯಗೊಳಿಸುತ್ತಿದ್ದವನು ಇವನೇ ಎಂದು 1903ರಲ್ಲಿ ಜ್ಯೂರಿ ಹೇಳಿತು. ಷರ್ಲಾಕ್ ಹೋಮ್ಸನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ ಸ್ವತಃ ಪತ್ತೇದಾರಿಗಿಳಿದು, ದೃಷ್ಟಿ ಬಹಳ ಮಂದವಾಗಿದ್ದ ಈತ ಕತ್ತಲಲ್ಲಿ ಹೊಲಗಳನ್ನು ದಾಟಿ ಇಂಥ ಕೆಲಸ ಮಾಡಲಾರ ಎಂದು ವಾದಿಸಿದ. 1907ರಲ್ಲಿ ಎಡಲ್ಜಿಗೆ ಕ್ಷಮಾದಾನ ಸಿಕ್ಕಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯವನ್ನು ಸ್ಥಾಪಿಸುವ ಕಾಯಿದೆ ಬಂದಿತು.

ನಮ್ಮಲ್ಲಿ ಇದಕ್ಕೆ ಮೊದಲೇ ಮೇಲ್ಮನವಿ ಇತ್ತು. 1861ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯು ಒಳನಾಡಿನ ಜಿಲ್ಲೆಗಳಲ್ಲೂ ಜ್ಯೂರಿ ಏರ್ಪಡಿಸಲು ಸರ್ಕಾರಗಳಿಗೆ ಅಧಿಕಾರ ಕೊಟ್ಟಿತು. ಯಾವ ಜಿಲ್ಲೆಯಲ್ಲಿ, ಯಾವ ಅಪರಾಧಕ್ಕೆ ಎಂಬುದು ಪ್ರಾಂತೀಯ ಸರ್ಕಾರದ ಇಚ್ಛೆ. ಮದರಾಸು ಪ್ರಾಂತದ ಜಿಲ್ಲೆಗಳಲ್ಲಿ ಜ್ಯೂರಿಯ ಮುಂದೆ ಬರುತ್ತಿದ್ದುದು ಮುಖ್ಯವಾಗಿ ಸ್ವತ್ತಿನ ಅಪರಾಧಗಳು: ಕಳ್ಳತನ, ಸುಲಿಗೆ, ದರೋಡೆ, ಕನ್ನಗಳವು, ಕದ್ದ ಮಾಲನ್ನು ಇಟ್ಟುಕೊಳ್ಳುವುದು. ದಕ್ಷಿಣ ಕನ್ನಡ, ಕಾಸರಗೋಡು, ಬಳ್ಳಾರಿಗಳೆಲ್ಲ ಆಗ ಅದೇ ಪ್ರಾಂತದ ಭಾಗಗಳು. ಕೊಲೆಯಂಥ ದೊಡ್ಡ ಅಪರಾಧಗಳಲ್ಲಿ ಜ್ಯೂರಿಯ ಬದಲು ಅಸೆಸರುಗಳಿರುತ್ತಿದ್ದರು. ಅವರ ಅಭಿಪ್ರಾಯ ನ್ಯಾಯಾಧೀಶರನ್ನು ಕಟ್ಟಿಹಾಕುತ್ತಿರಲಿಲ್ಲ. ಒಬ್ಬನ ಮೇಲೆ ಎರಡೂ ಬಗೆಯ ಆರೋಪವಿದ್ದರೆ, ಬೆಂಚಿನ ಮೇಲೆ ಕುಳಿತ ಅದೇ ಮಂದಿ ಒಂದಕ್ಕೆ ಜ್ಯೂರಿ, ಇನ್ನೊಂದಕ್ಕೆ ಬರೀ ಅಸೆಸರುಗಳು! 1898ರ ಸಂಹಿತೆ ಜ್ಯೂರಿಗೆ ಅರ್ಹರೆಂದು ಹೇಳಿದ್ದು 21ರಿಂದ 60 ವರ್ಷದೊಳಗಿನ ಗಂಡಸರನ್ನು ಮಾತ್ರ. "ಮಾತಾಡದೆ ಇದ್ದರೆ ಕದ್ದ ಅಂತ ಆಗುತ್ತಾ" ಎಂದು ಕೇಳಬಲ್ಲ ಹೆಣ್ಣುಮಗಳಿಗೆ ಅಲ್ಲಿ ಜಾಗವಿರಲಿಲ್ಲ.

ನಮ್ಮ ಮೈಸೂರು ಸಂಸ್ಥಾನದಲ್ಲಿ ಮಾರ್ಕ್ ಕಬ್ಬನ್ನರು 1834ರಿಂದ 1861ರವರೆಗೆ ಕಮಿಷನರಾಗಿದ್ದ ಕಾಲದ ನ್ಯಾಯವ್ಯವಸ್ಥೆಯಲ್ಲಿ ಪಂಚಾಯತಿಗೆ ಸ್ಥಾನವಿತ್ತು. 1884ರಲ್ಲಿ ಮೈಸೂರಿನ ಚೀಫ್ ಕೋರ್ಟ್ ಸ್ಥಾಪನೆಯಾಗಿ, ಸಂಸ್ಥಾನದ ಮೇಲ್ಮನವಿಗಳು ಅಲ್ಲಿಗೆ ಹೋಗತೊಡಗಿದವು. 1930ರಲ್ಲಿ ಅದೇ ಹೈಕೋರ್ಟ್ ಎನಿಸಿತು. ಆ ಹಳೆಯ ಪಂಚರು ಇಂದು ಹೆಸರಿನಲ್ಲಿ ಮಾತ್ರ ಉಳಿದಿದ್ದಾರೆ. ಕಳ್ಳತನವಾದ ಮನೆಯಲ್ಲಿ ಪೊಲೀಸರು ಮಹಜರು ಬರೆದಾಗ ರುಜು ಹಾಕುವ ಇಬ್ಬರನ್ನು ಈಗಲೂ ಪಂಚರು ಎಂದೇ ಕರೆಯುತ್ತೇವೆ. ತೀರ್ಪು ಹೇಳುತ್ತಿದ್ದವರು ಸಾಕ್ಷಿ ಹೇಳುವವರಾದರು.

ಆ ಹುಡುಗಿಯ ಪ್ರಶ್ನೆಗೆ ನೇರ ಉತ್ತರ 1898ರ ಸಂಹಿತೆಯಲ್ಲಿದೆ. ನ್ಯಾಯಾಧೀಶರೇ ವಿಚಾರಿಸಿ ಶಿಕ್ಷೆ ಕೊಟ್ಟಿದ್ದರೆ ಅಪರಾಧಿಯು ಸಂಗತಿ ಮತ್ತು ಕಾನೂನು ಎರಡರ ಮೇಲೂ ಮೇಲ್ಮನವಿ ಸಲ್ಲಿಸಬಹುದು. ಜ್ಯೂರಿ ವಿಚಾರಣೆಯಾಗಿದ್ದರೆ ಕಾನೂನಿನ ತಪ್ಪಿನ ಮೇಲೆ ಮಾತ್ರ. ಇದು 418ನೆಯ ಕಲಮು. 'ನಾನು ಕದ್ದಿಲ್ಲ, ಸಾಕ್ಷಿ ಸುಳ್ಳು ಹೇಳಿದ್ದಾನೆ' ಎಂದು ಮೇಲಿನ ನ್ಯಾಯಾಲಯದಲ್ಲಿ ಎಷ್ಟು ಅತ್ತರೂ ಅದು ಸಂಗತಿಯ ವಿಷಯ, ಜ್ಯೂರಿ ಅದನ್ನು ತೀರ್ಮಾನಿಸಿ ಆಗಿದೆ. 423ನೆಯ ಕಲಮಿನ ಪ್ರಕಾರ ಜ್ಯೂರಿಯ ನಿರ್ಣಯವನ್ನು ಬದಲಾಯಿಸಬೇಕಾದರೆ, ನ್ಯಾಯಾಧೀಶರು ಜ್ಯೂರಿಗೆ ತಪ್ಪು ಮಾರ್ಗದರ್ಶನ ಮಾಡಿದ್ದರು ಅಥವಾ ಜ್ಯೂರಿಯೇ ಕಾನೂನನ್ನು ತಪ್ಪಾಗಿ ಅರ್ಥಮಾಡಿಕೊಂಡಿತ್ತು, ಅದರಿಂದಾಗಿ ನಿರ್ಣಯ ತಪ್ಪಾಯಿತು ಎಂದು ತೋರಿಸಬೇಕು.

ಹೀಗಾಗಿ ಮೇಲ್ಮನವಿಯ ವಕೀಲರು ಕೈಗೆತ್ತಿಕೊಳ್ಳುತ್ತಿದ್ದುದು ನ್ಯಾಯಾಧೀಶರು ವಿಚಾರಣೆಯ ಕೊನೆಯಲ್ಲಿ ಜ್ಯೂರಿಗೆ ಮಾಡಿದ ಉಪದೇಶವನ್ನು. ಅದನ್ನು ಸಾಲುಸಾಲಾಗಿ ಜಾಲಾಡುತ್ತಿದ್ದರು. ಕನ್ನಗಳವಿನ ಮೊಕದ್ದಮೆಗಳಲ್ಲಿ ತಪ್ಪು ಸಿಗಬಹುದಾದ ಜಾಗಗಳು ಕೆಲವಿದ್ದವು. ಪೊಲೀಸರ ಮುಂದೆ ಮಾಡಿಕೊಂಡ ತಪ್ಪೊಪ್ಪಿಗೆಯನ್ನು ಜ್ಯೂರಿಯ ಕಿವಿಗೆ ಹಾಕಿದರೇ? ಕಳ್ಳತನದಲ್ಲಿ ಪಾಲುಗಾರನಾಗಿದ್ದು ಸರ್ಕಾರದ ಸಾಕ್ಷಿಯಾದವನ ಮಾತನ್ನು ಬೇರೆ ಆಧಾರವಿಲ್ಲದೆ ನಂಬುವುದು ಅಪಾಯವೆಂದು ಎಚ್ಚರಿಸಿದರೇ? ಎಲ್ಲಕ್ಕಿಂತ ಮುಖ್ಯವಾಗಿ, ಮಾಲು ಕೈಯಲ್ಲಿ ಸಿಕ್ಕಿದ್ದರ ಬಗ್ಗೆ ಏನು ಹೇಳಿದರು? 1872ರ ಸಾಕ್ಷ್ಯ ಕಾಯಿದೆಯ 114ನೆಯ ಕಲಮಿನ ದೃಷ್ಟಾಂತದ ಪ್ರಕಾರ, ಕಳ್ಳತನವಾದ ಸ್ವಲ್ಪದರಲ್ಲೇ ಮಾಲು ಯಾರ ಬಳಿ ಸಿಗುತ್ತದೋ, ಅದು ತನ್ನ ಬಳಿ ಹೇಗೆ ಬಂತೆಂದು ಅವನು ವಿವರಿಸಲಾರದೆ ಹೋದರೆ, ಅವನು ಕಳ್ಳನೆಂದೋ ಗೊತ್ತಿದ್ದೂ ಕಳ್ಳಮಾಲು ಪಡೆದವನೆಂದೋ ನ್ಯಾಯಾಲಯ ಊಹಿಸ'ಬಹುದು'. ಊಹಿಸಲೇಬೇಕು ಎಂದಿಲ್ಲ. ಅವನು ಕೊಟ್ಟ ವಿವರಣೆ ಸಹಜವಾಗಿ ಕಂಡರೆ ಸಾಕು, ಅವನು ಅದನ್ನು ರುಜುವಾತು ಮಾಡಬೇಕಾಗಿಲ್ಲ. 'ಬಹುದು' ಎನ್ನುವಲ್ಲಿ 'ಲೇಬೇಕು' ಎಂದು ಜ್ಯೂರಿಗೆ ಹೇಳಿದ ನ್ಯಾಯಾಧೀಶನ ತೀರ್ಪು ಮೇಲಿನ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ನಾನು ಆ ಏಳು ಮಕ್ಕಳಿಗೆ ಏನು ಹೇಳಿದ್ದೆ ಎಂಬುದನ್ನು ಒಮ್ಮೆ ಹಿಂದಕ್ಕೆ ಹೋಗಿ ಓದಿ ನೋಡಿ.

ತಪ್ಪು ಮಾರ್ಗದರ್ಶನವಿದ್ದಲ್ಲಿ ಹೈಕೋರ್ಟು ಸಾಕ್ಷ್ಯವನ್ನು ತಾನೇ ಪರಿಶೀಲಿಸಿ ನ್ಯಾಯಕ್ಕೆ ಚ್ಯುತಿಯಾಗಿದೆಯೇ ಎಂದು ನೋಡಬಹುದು ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1946ರಲ್ಲಿ ಸ್ಪಷ್ಟಪಡಿಸಿತು. ಇನ್ನೊಂದು ಬಾಗಿಲೂ ಇತ್ತು. ಜ್ಯೂರಿಯ ನಿರ್ಣಯವನ್ನು ಒಪ್ಪದ ಸೆಷನ್ಸ್ ನ್ಯಾಯಾಧೀಶರು 307ನೆಯ ಕಲಮಿನಡಿ ಪ್ರಕರಣವನ್ನು ಹೈಕೋರ್ಟಿಗೆ ಕಳುಹಿಸಬಹುದಾಗಿತ್ತು. ನೌಕಾಪಡೆಯ ಕಮಾಂಡರ್ ನಾನಾವತಿಯವರ ಪ್ರಕರಣ ನೆನಪಿರಬಹುದು. 1959ರ ಆ ಕೊಲೆ ಮೊಕದ್ದಮೆಯಲ್ಲಿ ಮುಂಬಯಿಯ ಜ್ಯೂರಿ 8–1ರ ಬಹುಮತದಿಂದ ತಪ್ಪಿತಸ್ಥನಲ್ಲ ಎಂದಾಗ ನ್ಯಾಯಾಧೀಶರು ಬಳಸಿದ್ದು ಇದೇ ಬಾಗಿಲನ್ನು. ಹೈಕೋರ್ಟು ಶಿಕ್ಷೆ ವಿಧಿಸಿತು, 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಪ್ರಕರಣವೇ ಜ್ಯೂರಿಯನ್ನು ಕೊನೆಗೊಳಿಸಿತೆಂದು ಜನ ಹೇಳುತ್ತಾರೆ. ನಿಜ ಅಷ್ಟು ಸರಳವಲ್ಲ. ಅಸೆಸರುಗಳ ಪದ್ಧತಿ 1955ರಲ್ಲೇ ಹೋಗಿತ್ತು. ಜ್ಯೂರಿಯನ್ನು ಕೈಬಿಡಬೇಕೆಂದು ಸೆತಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗ 1958ರಲ್ಲೇ ಶಿಫಾರಸು ಮಾಡಿತ್ತು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ.

ಜ್ಯೂರಿ ಹೋಯಿತು, ಈಗ ಎಲ್ಲವೂ ಸರಿಯಾಯಿತೇ? ಇಲ್ಲ ಎನ್ನುವುದಕ್ಕೆ ನಾನು ಅಮೆರಿಕದ ಒಂದು ಕನ್ನಗಳವಿನ ಪ್ರಕರಣವನ್ನು ಹೇಳಬೇಕು. ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡವ. ಓದಿದ್ದು ಎಂಟನೆಯ ತರಗತಿ. ಹಿಂದೆ ಜೈಲು ಕಂಡಿದ್ದವನು. 1961ರ ಜೂನ್ 3ರ ಮುಂಜಾನೆ ಫ್ಲಾರಿಡಾದ ಪನಾಮಾ ಸಿಟಿಯಲ್ಲಿ ಬಿಲಿಯರ್ಡ್ಸ್ ಆಡುವ ಜಾಗವೊಂದನ್ನು ಒಡೆದು ಯಾರೋ ಯಂತ್ರಗಳಲ್ಲಿದ್ದ ಚಿಲ್ಲರೆ ಕಾಸು ಕದ್ದರು. ಗಿಡಿಯನ್ ಸಿಕ್ಕಿಬಿದ್ದ. ತನಗೆ ವಕೀಲರನ್ನು ಕೊಡಿ ಎಂದು ಕೇಳಿದ. ಮರಣದಂಡನೆಯ ಮೊಕದ್ದಮೆಗಳಲ್ಲಿ ಮಾತ್ರ ಸರ್ಕಾರ ವಕೀಲರನ್ನು ಕೊಡುತ್ತದೆ ಎಂದು ನ್ಯಾಯಾಧೀಶರು ನಿರಾಕರಿಸಿದರು. ತನ್ನ ವಾದವನ್ನು ತಾನೇ ಮಾಡಿಕೊಂಡ. ಆರು ಮಂದಿಯ ಜ್ಯೂರಿ ತಪ್ಪಿತಸ್ಥನೆಂದಿತು. ಐದು ವರ್ಷ ಶಿಕ್ಷೆ.

ಅವನು ಜೈಲಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ಅರ್ಜಿ ಬರೆದ. ರಾಜ್ಯದ ಉಚ್ಚ ನ್ಯಾಯಾಲಯ ಅವನ ಮನವಿಯನ್ನು ತಿರಸ್ಕರಿಸಿತ್ತು. ದೇಶದ ಸುಪ್ರೀಂ ಕೋರ್ಟು ಎತ್ತಿಕೊಂಡಿತು, ಅವನ ಪರವಾಗಿ ವಾದಿಸಲು ಏಬ್ ಫೋರ್ಟಸ್ ಎಂಬ ಹೆಸರಾಂತ ವಕೀಲರನ್ನು ನೇಮಿಸಿತು. 1963ರ ಮಾರ್ಚ್ 18ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ, ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಎಂದರು. ಆದರೆ ನನಗೆ ಮುಖ್ಯವಾಗಿ ಕಾಣುವುದು ಆಮೇಲಿನದು. ಅದೇ ಆಗಸ್ಟ್ 5ರಂದು ಅದೇ ಊರಿನಲ್ಲಿ, ಅದೇ ನ್ಯಾಯಾಧೀಶರ ಮುಂದೆ ಮರುವಿಚಾರಣೆ ನಡೆಯಿತು. ಈ ಸಲ ಪಕ್ಕದಲ್ಲಿ ಫ್ರೆಡ್ ಟರ್ನರ್ ಎಂಬ ಸ್ಥಳೀಯ ವಕೀಲರಿದ್ದರು. ಗಿಡಿಯನ್ ಅಂದು ಬೆಳಗ್ಗೆ ಹತ್ತಿದ ಟ್ಯಾಕ್ಸಿಯ ಚಾಲಕನಿಗೆ "ನನ್ನನ್ನು ಕರೆದುಕೊಂಡು ಹೋದೆ ಎಂದು ಯಾರಿಗೂ ಹೇಳಬೇಡ" ಎಂದಿದ್ದ. ಕಳ್ಳನೆನ್ನಲು ಇನ್ನೇನು ಬೇಕು? ಟರ್ನರ್ ಆ ಚಾಲಕನನ್ನು ಮುಂದಕ್ಕೆ ಕೇಳಿದರು. ಹಿಂದೆಯೂ ಹೀಗೆ ಹೇಳಿದ್ದನೇ? ಹೇಳಿದ್ದ. ಏಕೆ? ಹೆಂಡತಿಯೊಂದಿಗೆ ಜಗಳವಿತ್ತು, ಅದಕ್ಕೆ. ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ತಪ್ಪಿತಸ್ಥನಲ್ಲ ಎಂದು ಹೇಳಿತು. ಎರಡು ಸಲವೂ ಜ್ಯೂರಿಯೇ. ಬದಲಾದದ್ದು, ಆಪಾದಿತನ ಪರವಾಗಿ ಕೇಳಬೇಕಾದ ಪ್ರಶ್ನೆಯನ್ನು ಕೇಳುವವರೊಬ್ಬರು ಇದ್ದರು ಎಂಬುದಷ್ಟೇ.

ನಮ್ಮ ಸುಪ್ರೀಂ ಕೋರ್ಟಿನಲ್ಲಿ ಇಂಥ ಮಾತು ಬಂದದ್ದು 1978ರ ಆಗಸ್ಟ್ 17ರಂದು, ಹೊಸ್ಕೋಟ್ ಪ್ರಕರಣದಲ್ಲಿ. ಆಪಾದಿತ ವಿದ್ಯಾವಂತ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನಕಲಿ ಮುದ್ರೆ ಮಾಡಿಸಲು ಹೋದನೆಂದು ಮುಂಬಯಿಯಲ್ಲಿ ಶಿಕ್ಷೆಗೆ ಗುರಿಯಾದವನು. ಅವನ ಮನವಿ ಅಲ್ಲಿ ಗೆಲ್ಲಲಿಲ್ಲ. ಆದರೆ ಹೈಕೋರ್ಟಿನ ತೀರ್ಪಿನ ನಕಲು ಜೈಲಿನಲ್ಲಿ ತನಗೆ ಸಕಾಲಕ್ಕೆ ತಲುಪಲಿಲ್ಲ, ಅದಕ್ಕೇ ವರ್ಷಗಟ್ಟಲೆ ತಡವಾಯಿತು ಎಂಬ ಅವನ ದೂರಿನಿಂದ ದೊಡ್ಡದೊಂದು ಸಂಗತಿ ಹೊರಬಂತು. ತೀರ್ಪಿನ ನಕಲನ್ನು ಕೈದಿಗೆ ಉಚಿತವಾಗಿ, ಬೇಗ ಕೊಡಬೇಕು; ಮೇಲ್ಮನವಿಗೆ ವಕೀಲರನ್ನಿಡುವ ಶಕ್ತಿಯಿಲ್ಲದವನಿಗೆ ಸರ್ಕಾರ ವಕೀಲರನ್ನು ಕೊಡಬೇಕು; ಇದು ದಾನವಲ್ಲ, ಸಂವಿಧಾನದ 21ನೆಯ ವಿಧಿಯ ಹಕ್ಕು ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. 1986ರಲ್ಲಿ ಸುಖ್ ದಾಸ್ ಪ್ರಕರಣದಲ್ಲಿ, ಉಚಿತ ವಕೀಲರ ಹಕ್ಕಿದೆ ಎಂದು ಆಪಾದಿತನಿಗೆ ತಿಳಿಸದೆಯೇ ನಡೆಸಿದ ವಿಚಾರಣೆಯ ಶಿಕ್ಷೆಯನ್ನು ನ್ಯಾಯಾಲಯ ರದ್ದುಪಡಿಸಿತು.

ಇಂದು ನಮ್ಮ ಸೀಮೆಯಲ್ಲಿ ಒಬ್ಬನಿಗೆ ಕನ್ನಗಳವಿನ ಮೊಕದ್ದಮೆಯಲ್ಲಿ ಮ್ಯಾಜಿಸ್ಟ್ರೇಟರ ನ್ಯಾಯಾಲಯ ಶಿಕ್ಷೆ ವಿಧಿಸಿದರೆ, ಅವನು 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಬಹುದು. ಸೆಷನ್ಸ್ ನ್ಯಾಯಾಲಯವೇ ಶಿಕ್ಷಿಸಿದ್ದರೆ ಹೈಕೋರ್ಟಿಗೆ, 60 ದಿನಗಳೊಳಗೆ. ಸಂಗತಿಯ ಮೇಲೂ ವಾದಿಸಬಹುದು, ಕಾನೂನಿನ ಮೇಲೂ ವಾದಿಸಬಹುದು. ಜೈಲಿನಲ್ಲಿದ್ದರೆ ಜೈಲಿನ ಅಧಿಕಾರಿಯ ಕೈಗೇ ಮನವಿ ಕೊಡಬಹುದು. ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೆಂದು ನೋಡದೆ ಉಚಿತ ವಕೀಲರು ಸಿಗುತ್ತಾರೆ. ಇದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಮಾತು. ತಾಲ್ಲೂಕು ಮಟ್ಟದಲ್ಲಿ ಇದಕ್ಕಾಗಿಯೇ ಸಮಿತಿ ಇರುತ್ತದೆ. ನಿಮ್ಮ ತೋಟದ ಆಳಿಗೋ ಬೀದಿಯ ಕೊನೆಯ ಮನೆಯವರಿಗೋ ಇಂಥ ಕಷ್ಟ ಬಂದಾಗ ಇಷ್ಟನ್ನು ತಿಳಿಸಿದರೂ ಸಾಕು. ಎಣಿಸಿದ ದಿನಗಳು ಸದ್ದಿಲ್ಲದೆ ಕಳೆದುಹೋಗುತ್ತವೆ.

ಕೊನೆಗೆ ಆ ಹುಡುಗನ ವಿಷಯ. 2011ರಲ್ಲಿ ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು ನನ್ನನ್ನು ನೋಡಿ ಎದ್ದು ನಿಂತ. ಗುರುತು ಸಿಗಲು ನನಗೆ ಒಂದು ಗಳಿಗೆ ಹಿಡಿಯಿತು.

"ಅವತ್ತು ನಾನು ತಪ್ಪು ಮಾಡಿದೆ ಕಣಪ್ಪ" ಎಂದೆ.

"ಗೊತ್ತು ಮೇಷ್ಟ್ರೇ. ನಿಜವಾದವನು ಸಿಕ್ಕಿದ್ದು ಆಮೇಲೆ ತಿಳೀತು. ನೀವು ಮನೆ ಹತ್ತಿರ ಬಂದಿದ್ದರಂತೆ, ಪಕ್ಕದ ಮನೆಯವರು ಹೇಳಿದರು. ಅಷ್ಟು ಹೊತ್ತಿಗೆ ನಾವು ಹೊರಟುಹೋಗಿದ್ದೆವು."

"ಆ ರಾತ್ರಿ ಎಲ್ಲಿದ್ದೆ ಅಂತ ಯಾಕಪ್ಪ ಹೇಳಲಿಲ್ಲ?"

ಅವನು ಸ್ವಲ್ಪ ಹೊತ್ತು ಲೆಕ್ಕದ ಪುಸ್ತಕದ ಕಡೆ ನೋಡಿದ. "ಅಪ್ಪ ಕುಡಿದು ಕೆರೆ ಏರಿ ಮೇಲೆ ಬಿದ್ದಿದ್ದರು. ಎಬ್ಬಿಸೋಕೆ ಆಗಲಿಲ್ಲ, ಬೆಳಗಿನತನಕ ಪಕ್ಕದಲ್ಲೇ ಕೂತಿದ್ದೆ. ಏಳು ಜನರ ಮುಂದೆ ಅದನ್ನ ಹ್ಯಾಗೆ ಹೇಳಲಿ ಮೇಷ್ಟ್ರೇ?"

ಅವನ ಒಪ್ಪಿಗೆ ಪಡೆದು, ಹೆಸರಿಲ್ಲದೆ ಇದನ್ನು ಬರೆದಿದ್ದೇನೆ. ಅಂದು ಬೆಂಚಿನ ಮೇಲೆ ಕುಳಿತಿದ್ದ ಆರು ಮಂದಿಯಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ತಪ್ಪು ನಿಮ್ಮದಲ್ಲ, ನಿಮಗೆ ತಪ್ಪಾಗಿ ಹೇಳಿಕೊಟ್ಟ ನನ್ನದು. ಏಳನೆಯವಳು ಓದುತ್ತಿದ್ದರೆ, ನಿನ್ನ ಪ್ರಶ್ನೆಗೆ ಉತ್ತರ: ಇಲ್ಲಮ್ಮ, ಆಗುವುದಿಲ್ಲ.

ಹಾಸನದ ವಕೀಲ ಮೊನ್ನೆ ಫೋನ್ ಮಾಡಿ ಅವನು ಈಗಲೂ ಅರಸೀಕೆರೆಯಲ್ಲೇ ಇದ್ದಾನೆಯೇ ಎಂದು ಕೇಳಿದ. ಅವನನ್ನು ಕೇಳಿಕೊಂಡು ವಿಳಾಸ ಕೊಟ್ಟಿದ್ದೇನೆ.